ಮೂರನೆಯ ಪ್ರತಿ

ಗೋಡೆಯಾಚೆ ಚಿಲಕ ಎರಡು ಸಲ ಸದ್ದು ಮಾಡಿತು. ಅವಳಿಗೆ ಎಚ್ಚರವಾಯಿತು. ‘ಕಟಕ್’, ಒಂದು ಉಸಿರಿನಷ್ಟು ಬಿಡುವು, ಮತ್ತೆ ‘ಕಟಕ್’. ಯಾರೋ ಬಾಗಿಲು ತೆಗೆಯಹೋಗಿ ಮನಸ್ಸು ಬದಲಾಯಿಸಿದ ಹಾಗೆ. ಹೊತ್ತು ಎಷ್ಟಾಗಿದೆಯೋ ತಿಳಿಯಲಿಲ್ಲ, ಬೀದಿದೀಪದ ಬೆಳಕು ಮಾತ್ರ ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಆ ಮನೆಯ ಯಾವ ಬಾಗಿಲಿಗೂ ಅಂಥ ಚಿಲಕವಿರಲಿಲ್ಲ. ಎಲ್ಲವೂ ಹಿಡಿ ತಿರುಗಿಸಿದರೆ ಸದ್ದಿಲ್ಲದೆ ತೆರೆದುಕೊಳ್ಳುವ ಬಾಗಿಲುಗಳು. ಈ ಚಿಲಕ ಇದ್ದದ್ದು ಅವಳು ಮಾಡಿದ ಕಂಪ್ಯೂಟರ್ ಆಟದಲ್ಲಿ ಮಾತ್ರ. ಹಳೆಯ ಮನೆಗಳನ್ನು ಕೆಡವಿ ಮರಮುಟ್ಟು ಮಾರುವವನೊಬ್ಬನ ಗೋದಾಮಿನಲ್ಲಿ ಇಡೀ ಮಧ್ಯಾಹ್ನ ಕುಕ್ಕರುಗಾಲಿನಲ್ಲಿ ಕೂತು, ಮೈಕಿಗೆ ಬಟ್ಟೆ ಸುತ್ತಿ, ತುಕ್ಕು ಹಿಡಿದ ಚಿಲಕವೊಂದನ್ನು ಎತ್ತಿ ಎತ್ತಿ ಬೀಳಿಸಿ, ಚಿಕ್ಕಂದಿನಲ್ಲಿ ತಾವಿದ್ದ ಬಾಡಿಗೆಮನೆಯ ಬಾಗಿಲಿನ ಸದ್ದು ಬರುವತನಕ ಬಿಡದೆ ಹಿಡಿದು ತಂದಿದ್ದಳು. ಆದರೆ ಅದು ಒಂದೇ ಸಲ ಸದ್ದಾಗಬೇಕು. ಎರಡು ಸಲ ಸದ್ದಾಯಿತೆಂದರೆ ಆಡುತ್ತಿರುವುದು ಕದ್ದ ಪ್ರತಿ ಎಂದರ್ಥ.

ಇದು ಗೊತ್ತಿದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ಅವಳ ಜೊತೆಗಾರ ಗಡ್ಡನಿಗೆ. ಕದಿಯುವವರು ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಮಾತ್ರ ಹೊಡೆದು ಬೀಳಿಸುತ್ತಾರೆ, ಒಳಗೆ ಮಂಚದ ಕೆಳಗೆ ಇನ್ನೊಬ್ಬನನ್ನು ಕೂರಿಸೋಣ ಅಂತ ಗಡ್ಡ ಹೇಳಿದ್ದ. ಆಟ ಕೊಂಡವರಿಗೆ ಒಂದು ಪುಟ್ಟ ರಸೀದಿ ಫೈಲು ಹೋಗುತ್ತದೆ. ಅದಿಲ್ಲದಿದ್ದರೆ, ಇಲ್ಲವೆ ಅದನ್ನು ಯಾರೋ ತಿದ್ದಿದಂತೆ ಕಂಡರೆ, ಆಟ ಏನೂ ಹೇಳುವುದಿಲ್ಲ. ಒಂಬತ್ತನೆಯ ಕೋಣೆಯವರೆಗೆ ನಗುನಗುತ್ತ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಚಿಲಕ ಎರಡು ಸಲ ಸದ್ದು ಮಾಡತೊಡಗುತ್ತದೆ. ಹನ್ನೊಂದನೆಯ ಕೋಣೆ, ಅದೇ ಕೊನೆಯದು, ಎಂದಿಗೂ ತೆರೆಯುವುದಿಲ್ಲ. ಬಿಡುಗಡೆಯಾದ ಮೂರೇ ದಿನಕ್ಕೆ ಕದ್ದ ಪ್ರತಿಗಳು ಎಲ್ಲೆಂದರಲ್ಲಿ ಸಿಗತೊಡಗಿದಾಗ ಅವರಿಬ್ಬರೂ ಪರದೆಯ ಮುಂದೆ ಕೂತು ಅಪರಿಚಿತರು ಬರೆದ ದೂರುಗಳನ್ನು ಓದಿ ಓದಿ ನಕ್ಕಿದ್ದರು. ಈಗ ಅದೇ ಸದ್ದು ನಡುಮನೆಯಿಂದ ಬರುತ್ತಿತ್ತು. ನಡುಮನೆಯ ಮೂಲೆಯಲ್ಲಿದ್ದದ್ದು ಅಣ್ಣನ ಹಳೆಯ ಕಂಪ್ಯೂಟರು. ಆ ಹೊತ್ತಿನಲ್ಲಿ ಅದರ ಮುಂದೆ ಕೂರುವವನು ಅಣ್ಣನಲ್ಲದೆ ಬೇರೆ ಯಾರೂ ಇರಲಿಲ್ಲ. ಎದ್ದು ಹೋಗಿ ನೋಡಬಹುದಿತ್ತು. ಅವಳು ಮುಸುಕು ಎಳೆದುಕೊಂಡು, ಅಪರಾಧ ಮಾಡಿದವಳು ತಾನೇ ಎಂಬಂತೆ ಉಸಿರು ಸಣ್ಣ ಮಾಡಿಕೊಂಡು ಮಲಗಿದಳು.

ಬೆಳಗ್ಗೆ ಅಣ್ಣ ಡ್ಯೂಟಿಗೆ ಹೋಗುವ ಅವಸರದಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವನದು. ದಿನಕ್ಕೆ ನೂರು ಮಂದಿಗೆ ‘ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ’ ಎಂದು ಹೇಳಿ ಹೇಳಿ, ಮನೆಯಲ್ಲೂ ಅವನ ಮಾತಿಗೆ ಒಂದು ಮೆತ್ತನೆಯ ಅಪ್ಪಣೆಯ ದನಿ ಬಂದುಬಿಟ್ಟಿತ್ತು. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿರುವುದನ್ನು ಅವಳು ನೋಡಿದಳು. ನೋಡಿದ್ದು ತಂಗಿ ನೋಡುವ ಹಾಗಲ್ಲ, ಅಂಗಡಿಯವನು ಗಿರಾಕಿಯ ಚೀಲ ನೋಡುವ ಹಾಗೆ ಎಂದು ತನಗೇ ಅನ್ನಿಸಿ ಕಣ್ಣು ತಗ್ಗಿಸಿದಳು.

“ಹೇಗೆ ಹೋಗ್ತಿದೆ ಪುಟ್ಟಿ ನಿನ್ನ ಆಟ?” ಅಂದ ಅಣ್ಣ, ಬ್ರೆಡ್ಡಿನಿಂದ ಕಣ್ಣೆತ್ತದೆ.

“ಪರವಾಗಿಲ್ಲ. ಕದ್ದು ಆಡೋರೇ ಜಾಸ್ತಿ.”

“ಹೌದಾ?”

“ಹೂಂ. ನೀನು ನೋಡಿದ್ಯಾ ಅಣ್ಣ, ಹೇಗಿದೆ ಅಂತ?” ಈ ಪ್ರಶ್ನೆಯನ್ನು ಅವಳು ಹಲ್ಲುಜ್ಜುವಾಗಲೇ ಸಿದ್ಧ ಮಾಡಿಕೊಂಡಿದ್ದಳು.

“ನನಗೆಲ್ಲಿ ಟೈಮು!” ಅಂದ ಅವನು. ಅಂದು, ಕಿವಿಯ ಹಿಂದೆ ಕೆರೆದುಕೊಂಡ. ಚಿಕ್ಕಂದಿನಲ್ಲಿ ಅಮ್ಮನ ಹತ್ತಿರ ಸುಳ್ಳು ಹೇಳುವಾಗಲೂ ಹೀಗೇ ಕೆರೆದುಕೊಳ್ಳುತ್ತಿದ್ದ.

“ಟೈಮಿಲ್ಲ ಪಾಪ,” ಎಂದಳು ಹೊಲಿಗೆಯಂತ್ರದ ಮುಂದೆ ಕೂತಿದ್ದ ಅತ್ತಿಗೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ರಾತ್ರಿಯೆಲ್ಲ ಗೂಬೆ ಥರ ಕೂತ್ಕೊಳ್ಳೋಕೆ ಮಾತ್ರ ಟೈಮು. ಅಲ್ಲಾ ಪುಟ್ಟಿ, ನಿಮ್ಮಣ್ಣನಿಗೆ ಒಂದು ಎಕ್ಸ್‌ರೇ ತೆಗೆದು ನೋಡ್ಬೇಕು, ತಲೆ ಒಳಗೆ ಏನಿದೆ ಅಂತ.”

“ಏನೂ ಇಲ್ಲ ಅಂತ ರಿಪೋರ್ಟ್ ಬರುತ್ತೆ ಕಣೆ, ನಿನಗೆ ಬೇಜಾರಾಗುತ್ತೆ,” ಎಂದು ಅಣ್ಣ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಸುಳ್ಳು ಹೇಳಿದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ‘ಆರು ತಿಂಗಳು ಇರ್ತೀನಿ ಅಣ್ಣ, ಒಂದು ಆಟ ಮಾಡ್ಬೇಕು’ ಎಂದು ಪೆಟ್ಟಿಗೆ ಹಿಡಿದು ಬಂದವಳು ಅವಳು. ಅಣ್ಣ ‘ಯಾಕೆ’ ಎಂದು ಕೇಳಿರಲಿಲ್ಲ. ಬಟ್ಟೆಯ ಥಾನುಗಳನ್ನು ಇಡುತ್ತಿದ್ದ ಕೋಣೆಯನ್ನು ಅತ್ತಿಗೆ ಒಂದೇ ದಿನದಲ್ಲಿ ಖಾಲಿ ಮಾಡಿಕೊಟ್ಟಿದ್ದಳು. ಹಾಗಿದ್ದೂ, ಆಟ ಹೊರಬಂದ ವಾರ ಅವಳು ಉಚಿತ ಪ್ರತಿಗಳನ್ನು ಕಳಿಸಿದ್ದು ನಲವತ್ತು ಜನಕ್ಕೆ. ಆಟಗಳ ಬಗ್ಗೆ ಬರೆಯುವವರು, ವೀಡಿಯೋ ಮಾಡುವವರು, ಎಂದೋ ಒಂದು ಸಲ ಕೈಕುಲುಕಿದವರು. ಅವರಲ್ಲಿ ಮೂವತ್ತು ಜನ ಬಿಚ್ಚಿಯೂ ನೋಡಲಿಲ್ಲ. ಅಣ್ಣನಿಗೆ ಒಂದು ಕೊಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಕೊಡಬಾರದೆಂದಲ್ಲ, ಹೊಳೆಯಲಿಲ್ಲ. ಕೊಡದಿದ್ದಕ್ಕೆ ಕದ್ದ. ಕೇಳಬಹುದಿತ್ತಲ್ಲ? ಕೇಳುವವನಲ್ಲ ಅವನು. ಅವನಿಗೆ ಗೊತ್ತಿದ್ದದ್ದು ಪ್ರತಿ ಮಾಡುವುದೊಂದೇ.

ಅದನ್ನು ಅವಳಿಗೂ ಕಲಿಸಿದವನು ಅವನೇ. ಚಪ್ಪಲಿ ಅಂಗಡಿಯ ಪಕ್ಕದಲ್ಲಿ ಒಬ್ಬರೇ ಹತ್ತುವಷ್ಟು ಅಗಲದ ಮೆಟ್ಟಿಲು, ಮೇಲೆ ಪರದೆ ಹಾಕಿ ಕತ್ತಲು ಮಾಡಿದ ಒಂದು ಕೋಣೆ, ಅದರೊಳಗೆ ಎರಡು ಕಂಪ್ಯೂಟರುಗಳ ನಡುವೆ ಸದಾ ಶೀತ ಹಿಡಿದ ಮೂಗಿನ ಒಬ್ಬ ದಪ್ಪ ಮನುಷ್ಯ. ಅಣ್ಣ ತಂಗಿ ಅವನಿಗೆ ಇಟ್ಟ ಹೆಸರು ಫ್ಲಾಪಿಮಾವ. ಗೆರೆ ಹಾಕಿದ ನೋಟುಪುಸ್ತಕದಲ್ಲಿ ಆಟಗಳ ಹೆಸರುಗಳನ್ನು ಅವನು ಗುಂಡು ಅಕ್ಷರದಲ್ಲಿ ಬರೆದಿಟ್ಟಿದ್ದ. ಖಾಲಿ ಫ್ಲಾಪಿ ನಾವೇ ಒಯ್ಯಬೇಕು. ಅವನು ಅದನ್ನು ಬೆಳಕಿಗೆ ಹಿಡಿದು, ಒಮ್ಮೆ ಊದಿ, ಯಂತ್ರದ ಬಾಯಿಗೆ ತಿನ್ನಿಸುತ್ತಿದ್ದ. ಆಮೇಲೆ ಕೆಂಪು ದೀಪ, ಗೊರಗೊರ ಸದ್ದು, ಪರದೆಯ ಮೇಲೆ ನಿಧಾನವಾಗಿ ಏರುವ ಅಂಕಿ. ಆ ಅಂಕಿ ಏರುವುದನ್ನು ನೋಡುತ್ತ ಅವರಿಬ್ಬರೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತಿರುತ್ತಿದ್ದರು. ಲೋಕದ ಯಾವ ಮೂಲೆಯಲ್ಲೋ ಯಾರೋ ಮಾಡಿದ್ದು ತಮ್ಮ ಅಂಗೈಯಗಲದ ಕರಿ ಚೌಕದೊಳಗೆ ಇಳಿದು ಬರುತ್ತಿತ್ತು. ಅದು ಕಳವು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು. ಮೂಲ ಎಲ್ಲಿದ್ದದ್ದು ಅಲ್ಲೇ ಇರುವಾಗ ಕದ್ದದ್ದಾದರೂ ಏನನ್ನು? ವಾಪಸು ಬರುವಾಗ ಅಣ್ಣ ಫ್ಲಾಪಿಯನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದ. ಬಿಸಿಲಿಗೆ ಅಕ್ಷರಗಳು ಕರಗಿಬಿಡುತ್ತವೆ ಎಂದು ಅವಳನ್ನು ನಂಬಿಸಿದ್ದ. ಅವಳು ಅವನಿಗೆ ನೆರಳಾಗಿ ಬಿಸಿಲು ಬೀಳುವ ಬದಿಯಲ್ಲಿ ನಡೆಯುತ್ತಿದ್ದಳು. ಅಷ್ಟು ಸುಖದ ನಡಿಗೆಯನ್ನು ಆಮೇಲೆ ಅವಳು ಯಾರ ಜೊತೆಗೂ ನಡೆಯಲಿಲ್ಲ. ಬಸ್ಸು ನಿಂತಿತು. ಇಳಿಯಬೇಕಾದ ಕಡೆ ಇಳಿಯದೆ ಮುಂದಿನ ಸ್ಟಾಪಿನವರೆಗೆ ಹೋಗಿ, ಬಿಸಿಲಿನಲ್ಲಿ ವಾಪಸು ನಡೆದುಬಂದಳು.

ಅವರ ಆಫೀಸೆಂದರೆ ಒಂದು ದಂತವೈದ್ಯರ ಕ್ಲಿನಿಕ್ಕಿನ ಮೇಲಿನ ಒಂದೇ ಕೋಣೆ. ಕೆಳಗೆ ಹಲ್ಲು ಕೊರೆಯುವ ಸದ್ದು ಶುರುವಾದಾಗಲೆಲ್ಲ ಗಡ್ಡ ತನ್ನ ದವಡೆ ಹಿಡಿದುಕೊಳ್ಳುತ್ತಿದ್ದ. ಆಟ ಮುಗಿಯುವತನಕ ಗಡ್ಡ ಬೋಳಿಸುವುದಿಲ್ಲವೆಂದು ಹಟ ಹಿಡಿದು ಆ ಹೆಸರು ಬಂದದ್ದು. ಈಗ ನುಣ್ಣಗೆ ಬೋಳಿಸಿದ್ದರೂ ಹೆಸರು ಹೋಗಿರಲಿಲ್ಲ. ಅವಳಿಗಿಂತ ಹತ್ತು ವರ್ಷ ಚಿಕ್ಕವನು.

“ಬನ್ನಿ ಅಕ್ಕ, ಲಿಸ್ಟ್ ರೆಡಿ,” ಎಂದ. “ಅರವತ್ತೊಂದು ಜನ. ಎಲ್ಲರೂ ತಾವಾಗೇ ಬಂದು ‘ಸ್ವಾಮಿ, ಹನ್ನೊಂದನೇ ಬಾಗಿಲು ತೆಗೀತಿಲ್ಲ’ ಅಂತ ಒಪ್ಪಿಕೊಂಡವರು. ಮೇಲೆ ನಾಲ್ಕು ಸಾಲು ನೀವು ಬರೀರಿ. ನಿಮ್ಮ ಮಾತು ತಣ್ಣಗಿರುತ್ತೆ, ಆದ್ರೆ ಚರ್ಮ ಸುಲಿಯುತ್ತೆ. ಸಂಜೆ ಹಾಕಿಬಿಡೋಣ.”

ಆ ಪಟ್ಟಿಯನ್ನು ಆಟದ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವುದೆಂದು ಮೂರು ದಿನದ ಹಿಂದೆ ತೀರ್ಮಾನವಾಗಿತ್ತು. ಆಗ ಅವಳೂ ಹೂಂ ಅಂದಿದ್ದಳು. ಈಗ ಒಂದೊಂದೇ ಅಡ್ಡಹೆಸರನ್ನು ಬೆರಳಿಟ್ಟು ಓದುತ್ತ ಕೆಳಗಿಳಿದಳು. ಅಣ್ಣನದು ಇರಲಿಲ್ಲ. ಅವನ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇಲ್ಲ, ಎಲ್ಲಿಂದ ದೂರು ಬರೆಯುತ್ತಾನೆ? ನೆಮ್ಮದಿಯಾಯಿತು. ನೆಮ್ಮದಿಯಾದದ್ದಕ್ಕೆ ನಾಚಿಕೆಯೂ ಆಯಿತು. ಆ ಅರವತ್ತೊಂದು ಜನರೂ ಯಾರೋ ಒಬ್ಬರ ಅಣ್ಣಂದಿರೇ.

“ಬೇಡ ಅನ್ನಿಸುತ್ತೆ ಕಣೋ,” ಅಂದಳು.

“ಏನು ಬೇಡ?”

“ಈ ಪಟ್ಟಿ. ಬೇರೆ ಏನಾದ್ರೂ ಮಾಡೋಣ.”

“ಬೇರೆ ಏನು? ಆ ಸೈಟುಗಳಿಗೆ ನೋಟಿಸ್ ಕಳ್ಸಿ ಕಳ್ಸಿ ನನ್ನ ಬೆರಳು ಸವೀತು. ಒಂದು ಕಡೆ ತೆಗೆಸಿದ್ರೆ ಹತ್ತು ಕಡೆ ಹುಟ್ಟುತ್ತೆ.”

“ನಾವೇ ಅಲ್ಲಿ ಹಾಕೋಣ. ಮೊದಲ ಐದು ಕೋಣೆ. ಜೊತೆಗೊಂದು ಕಾಗದ. ಇಬ್ಬರು ಸೇರಿ ನಾಲ್ಕು ವರ್ಷ ಮಾಡಿದ್ದು ಇದು, ಆಡಿ, ಇಷ್ಟ ಆದ್ರೆ ಕೊಂಡ್ಕೊಳ್ಳಿ ಅಂತ.”

ಗಡ್ಡ ಕುರ್ಚಿ ತಿರುಗಿಸಿ ಅವಳನ್ನು ನೋಡಿದ. “ಅಂದ್ರೆ ಕಳ್ಳನಿಗೆ ಕಾಗದ ಬರೆದು, ‘ಊಟ ಆಯ್ತಾ ಅಪ್ಪಾ’ ಅಂತ ಕೇಳೋದು. ಏನಾಯ್ತು ಅಕ್ಕ ನಿಮಗೆ? ಮೊನ್ನೆ ಆ ಹೆಂಗಸಿಗೆ ಉತ್ತರ ಬರೆದಾಗ ಹುಲಿ ಥರ ಇದ್ರಿ.”

ಆ ಹೆಂಗಸು. ‘ನಮ್ಮ ತಾಯಿಗೆ ಈ ಆಟ ತುಂಬಾ ಹಿಡಿಸಿದೆ, ಕೊನೆಯ ಬಾಗಿಲು ತೆರೆಯುತ್ತಿಲ್ಲ, ದಯವಿಟ್ಟು ದಾರಿ ಹೇಳಿ’ ಎಂದು ಬರೆದಿದ್ದವಳಿಗೆ ಇವಳು ಉತ್ತರಿಸಿದ್ದು ಒಂದೇ ಸಾಲು: ‘ಆಟವನ್ನು ಎಲ್ಲಿಂದ ತಂದಿರೋ ದಾರಿಯನ್ನೂ ಅಲ್ಲೇ ಕೇಳಿ.’ ಆ ಸಾಲನ್ನು ಬರೆದು, ಮತ್ತೊಮ್ಮೆ ಓದಿ, ಒಂದು ಪದವೂ ಹೆಚ್ಚಿಲ್ಲವೆಂದು ಖುಷಿಪಟ್ಟಿದ್ದಳು. ಆ ಹೆಂಗಸು ಆಮೇಲೆ ಬರೆದಿರಲಿಲ್ಲ.

“ತಲೆನೋವು,” ಎಂದಳು. “ಮನೆಗೆ ಹೋಗ್ತೀನಿ. ಸಂಜೆವರೆಗೂ ಏನೂ ಹಾಕಬೇಡ, ನನ್ನಾಣೆ.”

“ಆಣೆಗೀಣೆ ಯಾಕೆ, ಮಾತ್ರೆ ತಗೊಳ್ಳಿ,” ಎಂದ ಗಡ್ಡ. ಕೆಳಗೆ ಯಾರದೋ ಹಲ್ಲು ಕೊರೆಯತೊಡಗಿದರು.

ಮನೆಗೆ ಬಂದಾಗ ಅತ್ತಿಗೆ ಬಟ್ಟೆ ತಲುಪಿಸಲು ಹೋಗಿದ್ದಳು. ಅಣ್ಣನ ಡ್ಯೂಟಿ ಮುಗಿಯಲು ಇನ್ನೂ ಮೂರು ಗಂಟೆಯಿತ್ತು. ನಡುಮನೆಯ ಮೂಲೆಯ ಕಂಪ್ಯೂಟರಿಗೆ ಅತ್ತಿಗೆ ಹೊಲಿದ ಹೂವಿನ ಮುಸುಕು ಹೊದಿಸಿತ್ತು. ಅದನ್ನು ಎತ್ತುವಾಗ, ಮಲಗಿದ್ದವರ ಮುಖದ ಮೇಲಿನ ಬಟ್ಟೆ ಸರಿಸಿದ ಹಾಗೆ, ಬೆರಳುಗಳಿಗೆ ಅಳುಕಾಯಿತು. ಅವಳು ಅಂದುಕೊಂಡಿದ್ದು ಇಷ್ಟೇ: ಕದ್ದ ಪ್ರತಿಯನ್ನು ಅಳಿಸಿ, ಅದರ ಜಾಗದಲ್ಲಿ ಸರಿಯಾದದ್ದನ್ನು ಇಟ್ಟುಬಿಡುವುದು. ರಾತ್ರಿ ಅವನು ಕೂತಾಗ ಬಾಗಿಲು ತಾನಾಗಿ ತೆರೆಯುತ್ತದೆ. ಅವನಿಗೆ ಅವಮಾನವಾಗುವುದಿಲ್ಲ, ಅವಳಿಗೂ ಮಾತಾಡುವ ಕಷ್ಟವಿರುವುದಿಲ್ಲ. ಗುಂಡಿ ಒತ್ತಿದಳು. ಯಂತ್ರ ಮುದುಕನ ಹಾಗೆ ಕೆಮ್ಮಿ ಎದ್ದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಗೊಣಗಿ, ಒಂದು ಕೀಲಿ ಒತ್ತಿದರೆ ಮುಂದೆ ಹೋಗುತ್ತೇನೆಂದು ನಿಂತಿತು. ಆ ಕೀಲಿಯ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಅಣ್ಣ ವರ್ಷಗಟ್ಟಲೆ ದಿನವೂ ಒತ್ತಿ ಒತ್ತಿ ಸವೆಸಿದ್ದ. ಅವಳೂ ಒತ್ತಿದಳು.

ಆಟವಿದ್ದ ಫೋಲ್ಡರು ಎದುರಿಗೇ ಇತ್ತು. ಒಳಗೆ ಎಲ್ಲವೂ ಅವಳಿಟ್ಟ ಹೆಸರುಗಳಲ್ಲೇ, ಅವಳಿಟ್ಟ ಜಾಗದಲ್ಲೇ ಇದ್ದವು. ಕದ್ದ ಪ್ರತಿಗಳಲ್ಲಿ ಇರಬಾರದ ಒಂದು ಫೈಲೂ ಇತ್ತು. ರಸೀದಿ. ಅದನ್ನು ತೆರೆದಳು. ಪ್ರತಿಯ ಸಂಖ್ಯೆ: ಮೂರು. ಕೊಂಡವರ ಹೆಸರು ಎಂಬಲ್ಲಿ ಬರೆದಿತ್ತು: ‘ಪುಟ್ಟಿಯ ಅಣ್ಣ’.

ಬಿಡುಗಡೆಯ ದಿನ ಬೆಳಗ್ಗೆ ಗಡ್ಡ ಪರದೆಗೆ ಮೂಗು ತಾಗಿಸಿ ಕೂಗಿದ್ದ: ‘ಅಕ್ಕಾ, ಮೂರನೇದು ನಮ್ಮೂರಿಗೇ ಹೋಗಿದೆ!’ ಮಾರುವ ತಾಣ ಅವರಿಗೆ ಹೆಸರು ತಿಳಿಸುತ್ತಿರಲಿಲ್ಲ, ಊರು ಮಾತ್ರ. ಯಾರಿರಬಹುದು ಎಂದು ಇಬ್ಬರೂ ಮಧ್ಯಾಹ್ನದವರೆಗೆ ತಲೆ ಕೆಡಿಸಿಕೊಂಡಿದ್ದರು. ಕಾಲೇಜು ಹುಡುಗಿಯಿರಬಹುದು ಅಂತ ಅವನು, ಯಾರೋ ರಿಟೈರಾದ ಮೇಷ್ಟ್ರು ಅಂತ ಇವಳು. ಊರಲ್ಲಿ ನಮ್ಮ ಬೆಲೆ ತಿಳಿದವರು ಒಬ್ಬರಾದರೂ ಇದ್ದಾರಲ್ಲ ಎಂದು ಅವಳು ಆವತ್ತು ಮನೆಗೆ ಬಂದು ಅಣ್ಣನಿಗೇ ಹೇಳಿದ್ದಳು! ಅವನು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ‘ಅಬ್ಬಾ’ ಎಂದಿದ್ದ. ಎಷ್ಟೋ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದ.

ಹಾಗಾದರೆ ಚಿಲಕ ಯಾಕೆ ಎರಡು ಸಲ? ಅವಳ ಕಣ್ಣು ಪರದೆಯ ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ತಾರೀಖು ಜನವರಿ ಒಂದು ಎಂದಿತ್ತು, ಅದೂ ಯಾವುದೋ ಹದಿನೈದು ವರ್ಷದ ಹಿಂದಿನ ಜನವರಿ. ಒಳಗಿನ ಗಡಿಯಾರವನ್ನು ನಡೆಸುವ ಗುಂಡಿಯಷ್ಟು ಚಿಕ್ಕ ಸೆಲ್ಲು ಯಾವಾಗಲೋ ಸತ್ತಿತ್ತು. ಪ್ರತಿ ಸಲ ಎಬ್ಬಿಸಿದಾಗಲೂ ಆ ಯಂತ್ರ ಅದೇ ಹೊಸವರ್ಷದ ದಿನಕ್ಕೆ ಕಣ್ಣು ಬಿಡುತ್ತಿತ್ತು. ಆಟದೊಳಗೆ ತಾರೀಖು ನೋಡುವ ಒಂದು ಸಾಲಿತ್ತು. ಆ ಸಾಲು ಅವಳದೇ. ರಸೀದಿಯನ್ನು ತಿದ್ದಿದ್ದಾರೆಂದು ಹೇಗೆ ಕಂಡುಹಿಡಿಯುವುದು ಎಂದು ಗಡ್ಡ ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳೇ ಹೇಳಿದ್ದಳು: ‘ಕೊಂಡ ದಿನಕ್ಕಿಂತ ಹಿಂದಿನ ತಾರೀಖಿನಲ್ಲಿ ಯಾರಾದರೂ ಆಡೋಕೆ ಸಾಧ್ಯಾನಾ? ಹಾಗೆ ಕಂಡರೆ ಅದು ಕಳ್ಳರಸೀದಿ ಅಂತಲೇ ಲೆಕ್ಕ.’ ಗಡ್ಡ ಅವಳಿಗೆ ಕೈಮುಗಿದಿದ್ದ. ತಾರೀಖು ನಿಲ್ಲದ ಹಳೆಯ ಯಂತ್ರಗಳಲ್ಲಿ ಇನ್ನೂ ಆಟ ಆಡುವವರಿರುತ್ತಾರೆ ಎನ್ನುವುದು, ಅಂಥದೊಂದು ಯಂತ್ರದ ಗೋಡೆಯಾಚೆ ನಾಲ್ಕು ವರ್ಷ ಮಲಗಿದ ಅವಳಿಗೆ ನೆನಪಾಗಲಿಲ್ಲ. ಹೊಸ ಯಂತ್ರವಿದ್ದವರು ಮಾತ್ರ ಪ್ರಾಮಾಣಿಕರು ಎಂದು ಅವಳು ಒಂದೇ ಸಾಲಿನಲ್ಲಿ ಬರೆದುಹಾಕಿದ್ದಳು.

ಮುಸುಕು ಮೊದಲಿನಂತೆ ಹೊದಿಸಿ ಅವಳು ಹೆಚ್ಚೂಕಡಿಮೆ ಓಡುತ್ತ ಬಸ್ಸು ಹಿಡಿದು ಆಫೀಸಿಗೆ ಹೋದಳು.

“ಗಡಿಯಾರನಾ?” ಎಂದ ಗಡ್ಡ. ಅವನ ಮುಖದಲ್ಲಿ ಬಣ್ಣ ಇಳಿಯುವುದು ಬೋಳಿಸಿದ ಕೆನ್ನೆಯಲ್ಲಿ ಚೆನ್ನಾಗಿ ಕಾಣಿಸಿತು. ತನ್ನ ಯಂತ್ರದ ತಾರೀಖನ್ನು ಹಿಂದಕ್ಕೆ ಸರಿಸಿ, ಆಟ ಹಾಕಿ, ಒಂಬತ್ತನೆಯ ಕೋಣೆಯ ಚಿಲಕ ಎತ್ತಿದ. ಎರಡು ಸಲ ಸದ್ದಾಯಿತು. “ಅಯ್ಯೋ ಶಿವನೇ. ಅಂದ್ರೆ ಈ ಅರವತ್ತೊಂದರಲ್ಲಿ...”

“ಎಷ್ಟು ಜನ ಕದ್ದವರು, ಎಷ್ಟು ಜನ ದುಡ್ಡು ಕೊಟ್ಟು ತಗೊಂಡವರು ಅಂತ ನಮಗೆ ಗೊತ್ತಾಗೋದೇ ಇಲ್ಲ.”

“ನಾವು ಅವರಿಗೆ ಮಂಗಳಾರತಿ ಎತ್ತಿದ್ವಲ್ಲ ಅಕ್ಕ.”

“ನಾನು ಎತ್ತಿದ್ದು. ನೀನು ಆ ಮಂಚದ ಕೆಳಗಿನವನನ್ನ ಎಬ್ಬಿಸಿ ಕಳ್ಸು. ಪೂರ್ತಿ ತೆಗೆದುಬಿಡು. ಎಲ್ಲರಿಗೂ ಬಾಗಿಲು ತೆರೀಲಿ.”

“ಕಳ್ಳರಿಗೂ?”

“ಅವರಿಗೂ.”

ಗಡ್ಡ ಕೀಲಿಮಣೆ ಎಳೆದುಕೊಂಡ. ಅವನು ಕೆಲಸ ಮಾಡುತ್ತಿದ್ದಾಗ ಅವಳು ಪಟ್ಟಿಯ ಮೇಲೆ ಬರೆಯಬೇಕಿದ್ದ ನಾಲ್ಕು ಸಾಲಿನ ಬದಲು ಬೇರೆ ನಾಲ್ಕು ಸಾಲು ಬರೆದಳು: ಹನ್ನೊಂದನೆಯ ಬಾಗಿಲು ತೆರೆಯದೆ ಹೋದದ್ದು ನಮ್ಮ ತಪ್ಪು, ನಿಮ್ಮದಲ್ಲ. ಕಳ್ಳರನ್ನು ಹಿಡಿಯಹೋಗಿ ಮನೆಯವರನ್ನೇ ಹೊರಗೆ ನಿಲ್ಲಿಸಿದೆವು. ಆ ಹೆಂಗಸಿಗೆ ಬೇರೆಯಾಗಿ ಬರೆದಳು. ಅದು ತಣ್ಣಗಿರಲಿಲ್ಲ; ಮೂರು ಸಲ ಬರೆದು ಮೂರು ಸಲವೂ ಪದಗಳು ಜಾಸ್ತಿಯಾದವು, ಹಾಗೆಯೇ ಕಳಿಸಿದಳು. ಐದು ಕೋಣೆ ಉಚಿತ ಹಾಕುವ ಮಾತಿಗೂ ಗಡ್ಡ ಕೊನೆಗೆ, “ಆಯ್ತು ಬಿಡಿ, ಊಟ ಆಯ್ತಾ ಅಂತಲೇ ಕೇಳೋಣ,” ಎಂದು ಒಪ್ಪಿದ.

ಸರಿಮಾಡಿದ ಆಟವನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವ ಮೊದಲು ಒಮ್ಮೆ ಕೊನೆಯವರೆಗೆ ಆಡಿ ನೋಡಬೇಕಿತ್ತು. ಆಡಿದಳು. ಈ ಸಲ ಆಡುತ್ತಿದ್ದುದು ತಾನಲ್ಲ ಅಣ್ಣ ಎಂಬಂತೆ, ಅವನ ಬೆರಳಿನಿಂದ, ಅವನ ಕಣ್ಣಿನಿಂದ. ಹನ್ನೊಂದನೆಯ ಕೋಣೆ ತೆರೆಯಿತು. ಬಾಡಿಗೆಮನೆಯ ಅವರಿಬ್ಬರ ಕೋಣೆ ಅದು. ಸುಣ್ಣ ಎದ್ದ ಗೋಡೆ, ಒಂದು ಕಾಲು ಮೋಟಾದ ಮೇಜು, ಕಾಲಿನ ಕೆಳಗೆ ಒಟ್ಟಿದ ಹಳೆಯ ಪಠ್ಯಪುಸ್ತಕಗಳು, ಮೇಜಿನ ಮೇಲೆ ಅಪ್ಪ ಕಚೇರಿಯ ಹರಾಜಿನಲ್ಲಿ ತಂದ ಹಳದಿಗಟ್ಟಿದ ಕಂಪ್ಯೂಟರು. ಅದರ ಪರದೆಯ ಮೇಲೆ, ಇಡೀ ಆಟದ ಕೊನೆಯ ಚಿತ್ರವಾಗಿ, ಬೆಳಗುತ್ತಿದ್ದದ್ದು ಒಂದು ಹೆಸರು.

ಅವಳ ಒಂಬತ್ತನೆಯ ಹುಟ್ಟುಹಬ್ಬಕ್ಕೆ ಅಣ್ಣನ ಹತ್ತಿರ ಕೊಡಲು ಏನೂ ಇರಲಿಲ್ಲ. ಬೆಳಗ್ಗೆ ಅವಳ ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ಆ ಕಂಪ್ಯೂಟರಿನ ಮುಂದೆ ಕೂರಿಸಿದ್ದ. ಅವರು ದಿನವೂ ಆಡುತ್ತಿದ್ದ ದೋಣಿಯ ಆಟದ ಮೊದಲ ಪರದೆಯಲ್ಲಿ ‘ಈ ಆಟವನ್ನು ಮಾಡಿದವರು’ ಎಂಬುದರ ಕೆಳಗೆ ಅವಳ ಹೆಸರಿತ್ತು. ಹೇಗೋ ಆಟದ ಹೊಟ್ಟೆಯೊಳಗೆ ಕೈಹಾಕಿ, ಅಲ್ಲಿದ್ದ ಯಾರದೋ ಹೆಸರನ್ನು ತೆಗೆದು ಇವಳದನ್ನು ಕೂರಿಸಿದ್ದ. ಅಂಥ ಉಡುಗೊರೆ ಅವಳಿಗೆ ಮತ್ತೆಂದೂ ಬರಲಿಲ್ಲ. ಆವತ್ತು ಶಾಲೆಯಲ್ಲಿ ಎಲ್ಲರೆದುರು ‘ನಾನು ಮಾಡಿದ್ದು’ ಅಂದಿದ್ದಳು. ಮುಂದೆ ಆಟ ಮಾಡಬೇಕೆಂಬ ಹುಚ್ಚು ಹತ್ತಿದ್ದೇ ಆ ಬೆಳಗ್ಗೆ. ದೊಡ್ಡವಳಾದ ಮೇಲೆ, ಅಣ್ಣ ತೆಗೆದುಹಾಕಿದ್ದ ಆ ಹೆಸರು ಯಾರದೆಂದು ಹುಡುಕಿದಳು. ಮನೆಯಲ್ಲೇ ಒಬ್ಬನೇ ಕೂತು ಆಟ ಮಾಡಿ, ‘ಇಷ್ಟವಾದರೆ ಒಂದು ಪೋಸ್ಟ್‌ಕಾರ್ಡ್ ಹಾಕಿ’ ಎಂದು ಕೆಳಗೆ ವಿಳಾಸ ಕೊಟ್ಟಿದ್ದವನು. ಆಮೇಲೆ ಇನ್ನೊಂದು ಆಟ ಮಾಡಲಿಲ್ಲ. ಹನ್ನೊಂದನೆಯ ಕೋಣೆಯ ಪರದೆಯ ಮೇಲೆ ಅವಳು ಇಟ್ಟದ್ದು ಅವನ ಹೆಸರು. ತಾವು ಎಲ್ಲಿಂದ ಕಿತ್ತಿದ್ದರೋ ಅಲ್ಲಿಗೇ ತಂದು ಕೂರಿಸಿದ್ದಳು. ಅದು ತನ್ನ ಮತ್ತು ಆ ಅಪರಿಚಿತನ ನಡುವಿನ ಮಾತೆಂದು ತಿಳಿದಿದ್ದಳು. ಈಗ ಅಣ್ಣನ ಕಣ್ಣಿನಿಂದ ನೋಡಿದಾಗ ಅದು ಹಾಗೆ ಕಾಣಿಸಲಿಲ್ಲ. ನೀನು ಕೊಟ್ಟದ್ದು ಕಳವಿನ ಮಾಲು, ಹಿಂದಿರುಗಿಸಿದ್ದೇನೆ ಎಂದು, ಲೋಕದ ಎದುರಿಗೆ, ಅವನಿಗೆ ಹೇಳಿದಂತಿತ್ತು. ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಎದ್ದಳು. ಏನೇ ಆಗಲಿ, ಕೊಂಡದ್ದು ಅವನು. ಬಾಗಿಲು ಅವನಿಗೆ ತೆರೆಯಲೇಬೇಕು.

ಅಣ್ಣ ಬಂದು ಕೈಕಾಲು ತೊಳೆದು ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು ಕೂತಿದ್ದ. ಒಳಗಿಂದ ಅತ್ತಿಗೆಯ ಯಂತ್ರದ ಸದ್ದು ಬರುತ್ತಿತ್ತು. ಅವಳು ಪಕ್ಕದಲ್ಲಿ ಕೂತಳು. ಜೇಬಿನಲ್ಲಿ ಕೈಯಿತ್ತು. ಹೇಗೆ ಶುರು ಮಾಡುವುದೆಂದು ತಿಳಿಯದೆ ಇರುವಾಗ ಅವನೇ ಗಂಟಲು ಸರಿಮಾಡಿಕೊಂಡ.

“ಬೆಳಗ್ಗೆ ಒಂದು ಸುಳ್ಳು ಹೇಳ್ದೆ ಕಣೆ ಪುಟ್ಟಿ. ಆಡ್ದೆ ನಿನ್ನ ಆಟ. ಪೂರ್ತಿ ಮುಗಿಸಿ ಹೇಳೋಣ ಅಂತಿದ್ದೆ. ಆಸ್ಪತ್ರೆ ಸಿಸ್ಟರ್ ಕೈಲಿ ದುಡ್ಡು ಕೊಟ್ಟು ಮೊದಲನೇ ದಿನವೇ ಪೆನ್‌ಡ್ರೈವಲ್ಲಿ ತರಿಸಿದ್ದೆ. ನಿನ್ನೆ ಮುಗೀತು.”

“ಮುಗೀತಾ?” ಎಂದಳು.

“ಮುಗೀತು. ಮೂರು ರಾತ್ರಿ ಆ ಕೊನೇ ಬಾಗಿಲು ಹತ್ರ ಕೂತಿದ್ದೆ, ತೆಗೆಯುತ್ತೆ ತೆಗೆಯುತ್ತೆ ಅಂತ. ಚಿಲಕ ಎತ್ತಿದ್ರೆ ಸದ್ದಾಗುತ್ತೆ, ಮತ್ತೆ ಬಿದ್ದುಹೋಗುತ್ತೆ. ನಿನ್ನೆ ಹೊಳೀತು. ನೀನು ಬೇಕಂತಲೇ ತೆಗೆಯದ ಹಾಗೆ ಮಾಡಿದ್ದೀಯ.” ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದ. “ಫ್ಲಾಪಿಮಾವ ಕೊಟ್ಟ ಆ ದೋಣಿ ಆಟ ನೆನಪಿದ್ಯಾ? ಪ್ರತಿ ಮಾಡುವಾಗ ಕೆಟ್ಟುಹೋಗಿತ್ತಲ್ಲ, ಸೇತುವೆ ಹತ್ರ ಬಂದ್ರೆ ನಿಂತೇ ಹೋಗ್ತಿತ್ತು. ಸೇತುವೆ ಆಚೆ ಏನಿದೆ ಅಂತ ದಿನಾ ರಾತ್ರಿ ನಾನು ಕಥೆ ಕಟ್ಟಿ ಹೇಳ್ತಿದ್ದೆ. ನೀನು ನಿದ್ದೆಗಣ್ಣಲ್ಲೇ ‘ಆಮೇಲೆ? ಆಮೇಲೆ?’ ಅಂತಿದ್ದೆ.”

ಅವಳು ಅದನ್ನು ಪೂರ್ತಿ ಮರೆತಿದ್ದಳು. ಅವನು ಹೇಳಿದೊಡನೆ ಕತ್ತಲಲ್ಲಿ ಚಾಪೆಯ ಮೇಲೆ ಪಕ್ಕದಲ್ಲಿ ಮಲಗಿದ್ದ ಅವನ ಒಡೆದ ದನಿ, ಸೇತುವೆಯಾಚೆಯ ಬಿಳಿ ಊರು, ಅಲ್ಲಿ ಯಾವ ಬಾಗಿಲಿಗೂ ಬೀಗವಿಲ್ಲ ಎಂದು ಅವನು ಹೇಳುತ್ತಿದ್ದದ್ದು, ಎಲ್ಲ ಒಟ್ಟಿಗೆ ಬಂತು.

“ಒಳ್ಳೇ ಕೆಲಸ ಮಾಡ್ದೆ,” ಎಂದ ಅಣ್ಣ. “ಅದು ನಮ್ಮ ಕೋಣೆ ಬಾಗಿಲು ಅಂತ ಚಿಲಕದ ಸದ್ದಲ್ಲೇ ಗೊತ್ತಾಯ್ತು. ತೆಗೆದು ತೋರಿಸಿದ್ರೆ ಏನಿರ್ತಿತ್ತು? ಒಂದು ಮೇಜು, ಒಂದು ಕುರ್ಚಿ. ಮುಚ್ಚಿದ್ದಕ್ಕೆ ಒಳಗೆ ಅಪ್ಪ ಇದಾರೆ, ಅಮ್ಮ ಇದಾರೆ, ಎಲ್ಲ ಇದೆ. ನಾನು ನಿನ್ನೆ ಕೂತು ಒಂದು ಗಂಟೆ ಬರೀ ಬಾಗಿಲು ನೋಡ್ದೆ ಕಣೆ.” ಅವಳ ಕಡೆ ತಿರುಗಿದ. “ಒಳಗೆ ನೀನು ಏನೂ ಮಾಡಿಟ್ಟಿಲ್ಲ ತಾನೆ?”

ಪೆನ್‌ಡ್ರೈವು ಅವಳ ಅಂಗೈಯಲ್ಲಿ ಬೆಚ್ಚಗಾಗಿತ್ತು.

“ಇಲ್ಲ ಅಣ್ಣ,” ಎಂದಳು. “ಏನೂ ಇಲ್ಲ.”

“ನನಗೆ ಗೊತ್ತಿತ್ತು,” ಎಂದು ಅವನು ಚಹಾ ಮುಗಿಸಿದ. ಒಳಗಿಂದ ಅತ್ತಿಗೆ, “ಅಣ್ಣ ತಂಗಿ ಏನು ಗುಸುಗುಸು? ನನ್ನ ಚಾಡಿ ಹೇಳೋದಾದ್ರೆ ಜೋರಾಗಿ ಹೇಳಿ, ಮಿಷನ್ ಸದ್ದಲ್ಲಿ ಕೇಳಿಸ್ತಿಲ್ಲ,” ಎಂದು ಕೂಗಿದಳು. ಅಣ್ಣ ನಗುತ್ತ ಎದ್ದು ಒಳಗೆ ಹೋದ.

ಅವಳ ಫೋನು ನಡುಗಿತು. ಗಡ್ಡ.

“ಅಕ್ಕ, ಎಲ್ಲ ಕಡೆ ಹೋಯ್ತು. ನಿಮ್ಮ ಕಾಗದ ಓದಿ ಆಗಲೇ ಇಬ್ಬರು ಕದ್ದವರು ಕೊಂಡ್ಕೊಂಡಿದಾರೆ, ಹೇಳಿ ಬೇರೆ ಕೊಂಡಿದಾರೆ, ನಾಚಿಕೆ ಇಲ್ದೆ! ಆಮೇಲೆ ಇನ್ನೊಂದು. ಆ ಗಡಿಯಾರದ ವಿಷಯ ಯಾರು ಹೇಳಿದ್ದು ನಿಮಗೆ? ಆ ಪುಣ್ಯಾತ್ಮ ಇಲ್ದಿದ್ರೆ ನಾವು ಇವತ್ತು ಅರವತ್ತೊಂದು ಜನರ ಕೈಲಿ ಒದೆ ತಿಂತಿದ್ವಿ. ಆಟದ ಕೊನೇಲಿ ಕೃತಜ್ಞತೆ ಅಂತ ಅವರ ಹೆಸರು ಹಾಕ್ಬಿಡೋಣ. ಬರ್ಕೊಳ್ತಿದೀನಿ, ಹೇಳಿ.”

ಬಾಗಿಲಿನೊಳಗೆ ಅಣ್ಣ ಅತ್ತಿಗೆಯ ಎದುರು ನಿಂತು, ಎರಡು ಕೈಯನ್ನೂ ಚಾಚಿ, ಒಂದು ಸೇತುವೆ ಎಷ್ಟುದ್ದವೆಂದು ತೋರಿಸುತ್ತಿದ್ದ. ಆ ಬಾಗಿಲು ತೆರೆಯುತ್ತದೆಂದು ಯಾರಾದರೊಬ್ಬರು ಯಾವತ್ತಾದರೂ ಅವನಿಗೆ ಹೇಳಿಯೇ ಹೇಳುತ್ತಾರೆ, ಸಿಸ್ಟರೋ, ಯಾರೋ. ಹೇಳುವವಳು ತಾನಾಗಬಾರದು. ಇವತ್ತಿಡೀ ಅವನನ್ನು ಕಳ್ಳನೆಂದುಕೊಂಡದ್ದನ್ನೂ, ಮುಸುಕು ಎತ್ತಿದ್ದನ್ನೂ, ಮೂರನೆಯ ಪ್ರತಿಯನ್ನೂ, ಗಡ್ಡನಿಗೂ ಬೇಡ, ಅತ್ತಿಗೆಗೂ ಬೇಡ, ಯಾರಿಗೂ ಹೇಳುವುದು ಬೇಡ.

“ಹಲೋ? ಅಕ್ಕ? ಹೆಸರು?”

“ಯಾರೂ ಇಲ್ಲ ಕಣೋ,” ಎಂದಳು ಅವಳು. “ನನಗೇ ಹೊಳೀತು. ಏನೂ ಹಾಕ್ಬೇಡ.”